ಮಿಮಿ ದೊಡ್ಡಮ್ಮನ ಅರ್ಧ ಮನೆ: ಲಿವರ್‌ಪೂಲ್‌ನ ಮೆಂಡಿಪ್ಸ್ ನೋಡಿ ಬಂದೆವು

ಮೊದಲೇ ಹೇಳಿಬಿಡುತ್ತೇನೆ, ಬೀಟಲ್ಸ್ ಅನ್ನೋ ಇಂಗ್ಲಿಷ್ ಹಾಡುಗಾರರ ಬ್ಯಾಂಡಿನ ಹುಚ್ಚು ಇರುವುದು ನನ್ನ ಗಂಡನಿಗೆ. ನನಗೆ ಅವರ ಹತ್ತು ಹಾಡು ಗೊತ್ತಿದ್ದರೆ ಹೆಚ್ಚು. ನನ್ನ ಹುಚ್ಚು ಹಳೇ ಮನೆಗಳದ್ದು. ಯಾರದ್ದಾದರೂ ಮನೆಗೆ ಹೋದರೆ ಮೊದಲು ಕಣ್ಣು ಹೋಗುವುದು ಮೆಟ್ಟಿಲು ಎಲ್ಲಿದೆ, ಹಿತ್ತಲ ಬಾಗಿಲು ಎಲ್ಲಿದೆ, ಅಡುಗೆಮನೆಗೆ ಬೆಳಕು ಎಲ್ಲಿಂದ ಬರುತ್ತೆ ಅನ್ನೋದರ ಮೇಲೆ. ಆದ್ದರಿಂದ ಇಲ್ಲಿ ಹಾಡಿನ ವಿಷಯ ಕಡಿಮೆ, ಗೋಡೆ ಕಿಟಕಿಯ ವಿಷಯ ಜಾಸ್ತಿ. ಹಾಡು ಬೇಕಾದವರು ನನ್ನ ಗಂಡನನ್ನು ಕೇಳಿ, ರಾತ್ರಿಯೆಲ್ಲ ಹೇಳುತ್ತಾನೆ.

ಮನೆ ಇರುವುದು ಇಂಗ್ಲೆಂಡಿನ ಲಿವರ್‌ಪೂಲ್‌ನ ವೂಲ್ಟನ್ ಕಡೆ, ಮೆನ್‌ಲವ್ ಅವೆನ್ಯೂ, ನಂಬರ್ 251. ಮನೆಯ ಹೆಸರು ಮೆಂಡಿಪ್ಸ್. ಸಾಮರ್‌ಸೆಟ್ ಕಡೆಯ ಗುಡ್ಡಗಳ ಹೆಸರು ಅದು. ಬೀಟಲ್ಸ್ ಬ್ಯಾಂಡಿನ ಜಾನ್ ಲೆನನ್ ಐದು ವರ್ಷದ ಹುಡುಗನಿಂದ ಇಪ್ಪತ್ತೆರಡು ವರ್ಷದವನಾಗುವ ತನಕ ಬೆಳೆದದ್ದು ಇಲ್ಲೇ. ಈಗ ಹಳೇ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ ನೋಡಿಕೊಳ್ಳುತ್ತಿದೆ, ಟಿಕೆಟ್ ತೆಗೆದುಕೊಂಡು ಒಳಗೆ ಹೋಗಿ ನೋಡಬಹುದು. ನಾವು ಹೋದದ್ದು ಮೂರು ಜನ. ನಾನು, ಗಂಡ, ಮತ್ತೆ ಮೈಸೂರಿನಿಂದ ಬಂದಿರುವ ನನ್ನ ದೊಡ್ಡಮ್ಮ. ದೊಡ್ಡಮ್ಮನಿಗೆ ಲೆನನ್ ಯಾರು ಅಂತಲೇ ಗೊತ್ತಿರಲಿಲ್ಲ. ವಾಪಸ್ ಬರುವಾಗ ಅವರ ಮಾತು ನಿಲ್ಲಲೇ ಇಲ್ಲ.

ಯಾಕೆ ಅಂದರೆ ಇದು ನಿಜವಾಗಿ ನೋಡಿದರೆ ಒಬ್ಬ ದೊಡ್ಡಮ್ಮನ ಮನೆ. ಇಂಗ್ಲಿಷ್‌ನಲ್ಲಿ ಎಲ್ಲ ಕಡೆ ಆಂಟಿ ಮಿಮಿ, ಆಂಟಿ ಮಿಮಿ ಅಂತಲೇ ಬರೆದಿರುತ್ತಾರೆ. ಆಂಟಿ ಅಂದರೆ ಅತ್ತೆಯೋ, ಚಿಕ್ಕಮ್ಮನೋ, ಪಕ್ಕದ ಮನೆಯವರೋ ಯಾರಿಗೆ ಗೊತ್ತು. ಮಿಮಿ ಜಾನ್‌ನ ತಾಯಿ ಜೂಲಿಯಾಳ ಅಕ್ಕ. ಐದು ಜನ ಅಕ್ಕತಂಗಿಯರಲ್ಲಿ ಎಲ್ಲರಿಗಿಂತ ದೊಡ್ಡವಳು, 1906ರಲ್ಲಿ ಹುಟ್ಟಿದವಳು. ಜೂಲಿಯಾ 1914ರವಳು. ಅಂದರೆ ನಮ್ಮ ಲೆಕ್ಕದಲ್ಲಿ ಅಪ್ಪಟ ದೊಡ್ಡಮ್ಮ. ಇದನ್ನು ಬಸ್ಸಿನಲ್ಲಿ ಕೂತು ನಮ್ಮ ದೊಡ್ಡಮ್ಮನಿಗೆ ಹೇಳಿದೆ. "ಹಾಗಾದ್ರೆ ತಂಗಿ ಮಗನ್ನ ಸಾಕಿದ್ಲು ಅನ್ನು" ಅಂದರು. ನನ್ನನ್ನು ಪಿಯುಸಿ ಓದೋಕೆ ಅಂತ ಎರಡು ವರ್ಷ ತಮ್ಮ ಮನೆಯಲ್ಲಿ ಇಟ್ಟುಕೊಂಡಿದ್ದವರು ಅವರು. ಅವತ್ತಿಡೀ ಆ ಮನೆಯನ್ನು ಅವರು ನೋಡಿದ್ದು ಮಿಮಿಯ ಕಣ್ಣಿನಿಂದ. ನನಗೂ ಹಾಗೇ ನೋಡುವುದು ಅಭ್ಯಾಸವಾಗಿಹೋಯ್ತು.

ಹೋಗುವ ದಾರಿಯ ಬಗ್ಗೆ ಒಂದು ಮಾತು. ಎರಡು ವರ್ಷದ ಹಿಂದೆ ನಾವಿಬ್ಬರೇ ಬಂದಾಗ ಯಾವುದೋ ಖಾಸಗಿ ಟೂರ್ ಬಸ್ ಹತ್ತಿದ್ದೆವು. ಜಾಹೀರಾತಿನಲ್ಲಿ ಲೆನನ್ ಮನೆ ಅಂತ ದೊಡ್ಡದಾಗಿ ಹಾಕಿದ್ದರು. ಅದು ಗೇಟಿನ ಹೊರಗೆ ನಾಲ್ಕು ನಿಮಿಷ ನಿಲ್ಲಿಸಿ, ಹಾಂ ಫೋಟೋ ತಗೊಳ್ಳಿ, ಹತ್ತಿ ಹತ್ತಿ ಅಂತ ಹೊರಟೇಬಿಟ್ಟಿತು. ಮಳೆ ಬೇರೆ. ಗಂಡ ಮುಖ ಊದಿಸಿಕೊಂಡು ಕೂತಿದ್ದ. ಆಮೇಲೆ ತಿಳಿಯಿತು, ಒಳಗೆ ಬಿಡುವುದು ನ್ಯಾಷನಲ್ ಟ್ರಸ್ಟ್‌ನವರ ಟೂರಿನಲ್ಲಿ ಮಾತ್ರ. ಅದಕ್ಕೆ ಮೊದಲೇ ಬುಕ್ ಮಾಡಬೇಕು. ಅವರದ್ದೇ ಮಿನಿ ಬಸ್ಸಿನಲ್ಲಿ ಹೋಗಬೇಕು. ನಾವು ಹತ್ತಿದ್ದು ಸ್ಪೀಕ್ ಹಾಲ್ ಹತ್ತಿರ. ಬಿಳಿ ಗೋಡೆಗೆ ಕಪ್ಪು ಮರದ ಪಟ್ಟಿ ಹೊಡೆದ ಹಾಗಿರುವ 16ನೇ ಶತಮಾನದ ದೊಡ್ಡ ಬಂಗಲೆ ಅದು, ನಿಜವಾದ ಟ್ಯೂಡರ್ ಕಾಲದ್ದು. ಅಲ್ಲಿ ಹತ್ತಿದ್ದು ಒಳ್ಳೇದೇ ಆಯ್ತು. ಆಮೇಲೆ ಬಸ್ಸು ಹೋಗುವ ಬೀದಿಗಳಲ್ಲಿ 1930ರ ಆಸುಪಾಸಿನ ಜೋಡಿ ಮನೆಗಳು ಸಾಲುಸಾಲಾಗಿ ಸಿಗುತ್ತವೆ. ಆ ಕಾಲದಲ್ಲಿ ಇಂಥ ಎಷ್ಟೋ ಮನೆಗಳ ಮುಂಭಾಗಕ್ಕೆ ಸುಮ್ನೆ ಅಲಂಕಾರಕ್ಕೆ ಅಂತ ಅದೇ ಕಪ್ಪು ಪಟ್ಟಿ ಅಂಟಿಸುತ್ತಿದ್ದರು. ಅಸಲಿ ನೋಡಿದ ಮೇಲೆ ನಕಲಿ ನೋಡಿದರೆ ನಗು ಬರುತ್ತದೆ.

ಈ ಜೋಡಿ ಮನೆಗಳನ್ನು ಇಲ್ಲಿ ಸೆಮಿ ಡಿಟ್ಯಾಚ್ಡ್ ಅನ್ನುತ್ತಾರೆ. ಎಲ್ಲರ ಬಾಯಲ್ಲೂ ಬರೀ ಸೆಮಿ. ಒಂದೇ ಕಟ್ಟಡ, ನಡುವೆ ಒಂದು ಗೋಡೆ, ಆ ಕಡೆ ಒಂದು ಸಂಸಾರ, ಈ ಕಡೆ ಒಂದು ಸಂಸಾರ. ಕನ್ನಡಿಯಲ್ಲಿ ಬಿಂಬ ಕಂಡ ಹಾಗೆ ಎಡಕ್ಕೆ ಇರುವುದೆಲ್ಲ ಬಲಕ್ಕೂ ಇರುತ್ತದೆ. ಎರಡು ಮಹಾಯುದ್ಧಗಳ ನಡುವೆ ಬ್ರಿಟನ್‌ನಲ್ಲಿ ಸುಮಾರು 40 ಲಕ್ಷ ಹೊಸ ಮನೆ ಎದ್ದವು. ಅದರಲ್ಲಿ ಈ ತರಹದವು ತುಂಬಾ. ಯಾಕೆ ಅಷ್ಟು ಇಷ್ಟಪಟ್ಟರು ಅನ್ನೋದು ಒಂದು ಸಲ ಸುತ್ತು ಹಾಕಿದರೆ ಗೊತ್ತಾಗುತ್ತದೆ. ಒಂದು ಗೋಡೆ ಹಂಚಿಕೊಂಡರೆ ಇಟ್ಟಿಗೆ ಉಳಿಯಿತು, ಜಾಗ ಉಳಿಯಿತು, ಚಳಿಗಾಲದಲ್ಲಿ ಒಂದು ಕಡೆಯಿಂದ ಬಿಸಿ ಹೋಗುವುದೂ ತಪ್ಪಿತು. ಇನ್ನೊಂದು ಪಕ್ಕ ಖಾಲಿ ಇರುವುದರಿಂದ ಹಿತ್ತಲಿಗೆ ಹೋಗಲು ಓಣಿ ಸಿಕ್ಕಿತು. ಸಾಲುಮನೆಗಳಲ್ಲಿ ಆ ಓಣಿ ಇರುವುದಿಲ್ಲ. ಕಲ್ಲಿದ್ದಲು, ಹಾಲು, ಕಸ ಎಲ್ಲ ಮುಂಬಾಗಿಲ ಕಡೆಗೆ ಬಾರದೆ ಪಕ್ಕದಿಂದಲೇ ಹೋಗಿ ಬರುತ್ತದೆ. ಮರ್ಯಾದೆಯ ಪ್ರಶ್ನೆ ನೋಡಿ. ಮುಂದೆ ನೋಡಿದರೆ ಹೂತೋಟ, ಬಣ್ಣದ ಗಾಜು, ಹಿತ್ತಾಳೆ ಹಿಡಿಕೆ. ಬೆವರು ಧೂಳು ಎಲ್ಲ ಪಕ್ಕದಲ್ಲಿ.

ಮೆಂಡಿಪ್ಸ್ ಕಟ್ಟಿದ್ದು 1933ರಲ್ಲಿ. ಮುಂದೆ ಹೊರಕ್ಕೆ ಉಬ್ಬಿದ ಬೇ ಕಿಟಕಿ, ಗೋಡೆಗೆ ಸಣ್ಣ ಜಲ್ಲಿ ಎರಚಿದ ಗಾರೆ, ಕಿಟಕಿಗಳಲ್ಲಿ ಸೀಸದ ಪಟ್ಟಿಯಲ್ಲಿ ಕೂರಿಸಿದ ಬಣ್ಣದ ಗಾಜು. ಅರಮನೆ ಅಲ್ಲ, ಆದರೆ ಬಡವರ ಮನೆಯಂತೂ ಖಂಡಿತ ಅಲ್ಲ. ಗಂಡ ಇಲ್ಲಿ ಸ್ವಲ್ಪ ತಬ್ಬಿಬ್ಬಾದ. ಅವನ ತಲೆಯಲ್ಲಿ ಲೆನನ್ ಅಂದರೆ ಲಿವರ್‌ಪೂಲ್ ಬಂದರಿನ ಕೂಲಿಕಾರರ ಕೇರಿಯಿಂದ ಎದ್ದು ಬಂದವನು. ಇಲ್ಲಿ ನೋಡಿದರೆ ಮುಂದೆ ಹುಲ್ಲು, ಹಿಂದೆ ತೋಟ, ಊಟಕ್ಕೆ ಬೇರೆ ಕೋಣೆ. ನಾಲ್ಕು ಜನ ಬೀಟಲ್ಸ್‌ನಲ್ಲಿ ಚಿಕ್ಕಂದಿನಲ್ಲಿ ಅನುಕೂಲದ ಮನೆಯಲ್ಲಿ ಇದ್ದವನು ಅಂದರೆ ಇವನೇ.

ಹೊರಗೆ ಗೋಡೆಯ ಮೇಲೆ, ಹೆಸರಾದವರು ಇದ್ದ ಮನೆಗೆ ಹಾಕುವ ನೀಲಿ ಫಲಕ ಇದೆ. 1945ರಿಂದ 1963ರವರೆಗೆ ಇಲ್ಲಿದ್ದ ಅಂತ. ಅದನ್ನು ಹಾಕಿದ್ದು 2000ದ ಡಿಸೆಂಬರ್‌ನಲ್ಲಿ. ಆ ಫಲಕ ಹಾಕಬೇಕಾದರೆ ಮನುಷ್ಯ ಸತ್ತು ಇಪ್ಪತ್ತು ವರ್ಷ ಆಗಿರಬೇಕು ಅಂತ ನಿಯಮ. ಅವನನ್ನು ನ್ಯೂಯಾರ್ಕ್‌ನಲ್ಲಿ ಗುಂಡಿಟ್ಟು ಕೊಂದದ್ದು 1980ರ ಡಿಸೆಂಬರ್ 8ಕ್ಕೆ. ಇಪ್ಪತ್ತು ವರ್ಷ ತುಂಬುವುದನ್ನೇ ಕಾದು ಹಾಕಿದ ಹಾಗಿದೆ.

ಒಳಗೆ ಹೋಗುವುದು ಮುಂಬಾಗಿಲಿನಿಂದ ಅಲ್ಲ. ಪಕ್ಕದ ಓಣಿಯಲ್ಲಿ ಹೋಗಿ ಅಡುಗೆಮನೆಯ ಬಾಗಿಲಿನಿಂದ. ಇದು ನನಗೆ ತುಂಬಾ ಹಿಡಿಸಿತು, ಯಾಕೆ ಅಂದರೆ ಮಿಮಿ ಇದ್ದಾಗಲೂ ಜಾನ್‌ನ ಸ್ನೇಹಿತರಿಗೆ ಅದೇ ಬಾಗಿಲು. ತಲೆಗೆ ಎಣ್ಣೆ ಬಳಿದು ಕೂದಲು ಎತ್ತಿ ಬಾಚಿಕೊಂಡು, ಬಿಗಿ ಪ್ಯಾಂಟ್ ಹಾಕಿಕೊಂಡು, ಕೈಯಲ್ಲಿ ಗಿಟಾರ್ ಹಿಡಿದು ಬಂದ ಹುಡುಗರು ಮುಂಬಾಗಿಲಿಗೆ ಬಂದರೆ ನೆರೆಯವರು ಏನಂದುಕೊಂಡಾರು? ದೊಡ್ಡಮ್ಮ ಅಡುಗೆಮನೆಗೆ ಕಾಲಿಟ್ಟವರೇ ಒಂದು ಸುತ್ತು ನೋಡಿದರು. 1950ರ ದಶಕದಲ್ಲಿ ಹೇಗಿತ್ತೋ ಹಾಗೆ ಜೋಡಿಸಿಟ್ಟಿದ್ದಾರೆ. ಡಬ್ಬಗಳು, ಸಿಂಕು, ಗ್ಯಾಸ್ ಒಲೆ. ಇಬ್ಬರು ನಿಂತರೆ ಮೂರನೆಯವರು ಒರಗಿಕೊಂಡು ದಾಟಬೇಕು. "ಇಷ್ಟರಲ್ಲೇ ಎಷ್ಟು ಜನಕ್ಕೆ ಬೇಯಿಸ್ತಿದ್ಲಂತೆ?" ಅಂತ ಕೇಳಿದರು. ಒಳ್ಳೇ ಪ್ರಶ್ನೆ. ಉತ್ತರ ಕೇಳಿದರೆ ಮನೆಯ ಕಥೆ ಪೂರ್ತಿ ಬರುತ್ತದೆ.

ಮಿಮಿ ಮದುವೆಗೆ ಮೊದಲು ನರ್ಸ್ ಆಗಿ ಕಲಿಯುತ್ತಿದ್ದವಳು. ವೂಲ್ಟನ್‌ನ ಆಸ್ಪತ್ರೆಗೆ ಹಾಲು ಹಾಕಲು ಬರುತ್ತಿದ್ದವನು ಜಾರ್ಜ್ ಸ್ಮಿತ್, ಹೈನುಗಾರರ ಮನೆತನದವನು. 1939ರಲ್ಲಿ ಮದುವೆ. ಇಬ್ಬರಿಗೂ ಮಕ್ಕಳಿರಲಿಲ್ಲ. ಜಾನ್ ಹುಟ್ಟಿದ್ದು 1940ರ ಅಕ್ಟೋಬರ್ 9. ಅವನ ಅಪ್ಪ ಹಡಗಿನಲ್ಲಿ ಕೆಲಸಕ್ಕಿದ್ದವನು, ಮನೆಗಿಂತ ಸಮುದ್ರದಲ್ಲೇ ಜಾಸ್ತಿ. ಜೂಲಿಯಾ ಬೇರೊಬ್ಬನ ಜತೆ ಸಂಸಾರ ಹೂಡಿದಳು. ಹುಡುಗ ದೊಡ್ಡಮ್ಮನ ಮನೆಗೆ ಬಂದ. ಜಾರ್ಜ್ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಊರಿನ ಪತ್ರಿಕೆ ಲಿವರ್‌ಪೂಲ್ ಎಕೋ ಹಿಡಿದು ಓದುವುದನ್ನು ಕಲಿಸಿದ, ಒಂದು ಮೌತ್ ಆರ್ಗನ್ ಕೊಡಿಸಿದ. ಮಿಮಿ ಗದರಿಸುವವಳು, ಜಾರ್ಜ್ ಸಮಾಧಾನ ಮಾಡುವವನು. ಎಲ್ಲ ಮನೆಯಲ್ಲೂ ಹೀಗೇ ಅಲ್ವಾ. 1955ರ ಜೂನ್‌ನಲ್ಲಿ ಜಾರ್ಜ್ ಇದ್ದಕ್ಕಿದ್ದ ಹಾಗೆ ತೀರಿಕೊಂಡ. ವಯಸ್ಸು 52. ಮನೆ ನಡೆಸಲು ಮಿಮಿ ಯೂನಿವರ್ಸಿಟಿ ಹುಡುಗರನ್ನು ಬಾಡಿಗೆಗೆ ಇಟ್ಟುಕೊಂಡಿದ್ದಳು. ನಮ್ಮ ಕಡೆಯ ಪಿಜಿ ಇದ್ದ ಹಾಗೆ, ಊಟ ವಸತಿ ಎರಡೂ. ಆ ಅಡುಗೆಮನೆಯಲ್ಲಿ ಅವಳು ಬೇಯಿಸಿದ್ದು ಜಾನ್‌ಗೆ, ಪಿಜಿ ಹುಡುಗರಿಗೆ, ಮೇಲೆ ಬೆಕ್ಕುಗಳಿಗೆ ಮೀನು ಬೇರೆ.

ಅಡುಗೆಮನೆ ದಾಟಿದರೆ ಮಾರ್ನಿಂಗ್ ರೂಮ್ ಅಂತ ಒಂದು ಸಣ್ಣ ಕೋಣೆ. ಮನೆಯವರು ದಿನವಿಡೀ ಇದ್ದದ್ದು ಇಲ್ಲೇ. ಗೋಡೆಯ ಮೇಲೆ ಗಮನಿಸಿ, ಆಳುಗಳನ್ನು ಕರೆಯುವ ಗಂಟೆಗಳ ಸಾಲು ಇದೆ. ಯಾವ ಕೋಣೆಯಲ್ಲಿ ಗುಂಡಿ ಒತ್ತಿದರು ಅಂತ ಇಲ್ಲಿ ಗೊತ್ತಾಗಬೇಕು. ಇಷ್ಟು ಚಿಕ್ಕ ಜೋಡಿ ಮನೆಗೆ ಆಳಿನ ಗಂಟೆ! ಕಟ್ಟಿದಾಗಿನ ಆಸೆ ಅದು. ಮಿಮಿಯ ಕಾಲಕ್ಕೆ ಆಳೂ ಅವಳೇ, ಒಡತಿಯೂ ಅವಳೇ. ನಾನು ಅಲ್ಲಿ ತುಂಬಾ ಹೊತ್ತು ನಿಂತೆ. ಒಂದು ಮನೆ ತನ್ನ ಬಗ್ಗೆ ತಾನು ಏನಂದುಕೊಂಡಿತ್ತು, ಆಮೇಲೆ ಅದರ ಪಾಡು ಏನಾಯ್ತು ಅನ್ನೋದು ಆ ಗಂಟೆಗಳಲ್ಲಿ ಕಾಣುತ್ತದೆ. ಗಂಡ ಆ ಹೊತ್ತಿಗೆ ಮುಂದಿನ ಕೋಣೆಗೆ ಹೋಗಿ ಬಂದು ಎರಡು ಸಲ ಕರೆದ.

ಮುಂದಿನ ಹಾಲ್‌ನಲ್ಲಿ ಒಳ್ಳೇ ಕುರ್ಚಿಗಳು, ಪುಸ್ತಕದ ಕಪಾಟು, ಬೆಂಕಿಗೂಡು. ನಮ್ಮ ಮನೆಗಳಲ್ಲಿ ಶೋಕೇಸ್ ಇರುವ ಹಾಲ್ ಇರುತ್ತಲ್ಲ, ಹೊರಗಿನವರು ಬಂದಾಗ ಮಾತ್ರ ಫ್ಯಾನ್ ಹಾಕುವ ಕೋಣೆ, ಥೇಟ್ ಅದೇ. ಇಲ್ಲಿ ನೋಡುವುದಕ್ಕೆ ಹೆಚ್ಚೇನಿಲ್ಲ. ಮಿಮಿ ವಿಪರೀತ ಓದುವವಳು, ಅದೊಂದು ತಿಳಿದಿರಲಿ.

ಮೇಲೆ ಹೋಗೋಣ. ಮೆಟ್ಟಿಲು ಹತ್ತುವಾಗ ದೊಡ್ಡಮ್ಮ ನನ್ನ ಕೈ ಹಿಡಿದಿದ್ದರು, ಮಂಡಿ ನೋವು ಇರುವವರು ನಿಧಾನವಾಗಿ ಹತ್ತಿ. ಎರಡು ದೊಡ್ಡ ಬೆಡ್‌ರೂಮ್, ಒಂದು ಪುಟ್ಟದು. ಪುಟ್ಟದು ಜಾನ್‌ನದು. ಎಷ್ಟು ಪುಟ್ಟದು ಅಂದರೆ ಒಂದು ಮಂಚ, ಒಂದು ಕಿಟಕಿ, ಗೋಡೆಯ ಮೇಲೆ ಹಾಡುಗಾರ ಎಲ್ವಿಸ್ ಪ್ರೀಸ್ಲಿ ಮತ್ತು ಸಿನಿಮಾ ನಟಿ ಬ್ರಿಜಿಟ್ ಬಾರ್ಡೋ ಚಿತ್ರ, ಅಲ್ಲಿಗೆ ಮುಗಿಯಿತು. ಗುಂಪಿನಲ್ಲಿ ಎಲ್ಲರೂ ಒಟ್ಟಿಗೆ ಒಳಗೆ ನಿಲ್ಲಲು ಆಗುವುದಿಲ್ಲ, ಸರದಿಯಲ್ಲಿ ಹೋಗಿ ಬರಬೇಕು. ಯಾರೋ ಒಬ್ಬರು ಅಯ್ಯೋ ಪಾಪ ಅನ್ನುವ ಹಾಗೆ ನಾಲಿಗೆ ಲೊಚಗುಟ್ಟಿದರು. ಅಷ್ಟು ಪಾಪ ಅನ್ನಬೇಕಾಗಿಲ್ಲ. 1930ರ ದಶಕದ ಯಾವ ಸೆಮಿಗೆ ಹೋದರೂ ಈ ಕೋಣೆ ಇರುತ್ತದೆ, ಬಾಕ್ಸ್ ರೂಮ್ ಅನ್ನುತ್ತಾರೆ. ಕೆಳಗೆ ಮುಂಬಾಗಿಲ ಒಳಗಿನ ಮೊಗಸಾಲೆ ಎಷ್ಟು ಅಗಲವೋ ಮೇಲೆ ಈ ಕೋಣೆ ಅಷ್ಟೇ ಅಗಲ. ಪ್ಲ್ಯಾನ್ ಹಾಕಿದವನು ಮೊದಲು ಎರಡು ದೊಡ್ಡ ಕೋಣೆ ಬರೆದು, ಉಳಿದ ಮೂಲೆಗೆ ಬೆಡ್‌ರೂಮ್ ಮೂರು ಅಂತ ಹೆಸರು ಕೊಟ್ಟಿದ್ದಾನೆ. ಮಕ್ಕಳಿರುವ ಮನೆಯಲ್ಲಿ ಅದು ಚಿಕ್ಕವರಿಗೆ. ನಾವು ಬಾಡಿಗೆಗಿರುವ ಮನೆಯಲ್ಲೂ ಹಾಗೇ ಒಂದಿದೆ, ನಾವು ಅದರಲ್ಲಿ ಸೂಟ್‌ಕೇಸು ಮತ್ತೆ ಅಕ್ಕಿ ಮೂಟೆ ಇಟ್ಟಿದ್ದೇವೆ.

ಆದರೆ ಆ ಕೋಣೆಯಲ್ಲಿ ಒಂದು ಸುಖ ಇದೆ. ಕಿಟಕಿ ನೇರ ರಸ್ತೆ ಕಡೆಗೆ. ಮಂಚದಲ್ಲಿ ಮಲಗಿಕೊಂಡೇ ಯಾರು ಬಂದರು, ಯಾರು ಹೋದರು ಎಲ್ಲ ಗೊತ್ತಾಗುತ್ತದೆ. ಓದುವ, ಬರೆಯುವ, ಚಿತ್ರ ಗೀಚುವ ಹುಡುಗನಿಗೆ ಬಾಗಿಲು ಹಾಕಿಕೊಳ್ಳಲು ಒಂದು ಸ್ವಂತ ಜಾಗ. ಆ ಕಾಲದ ಲಿವರ್‌ಪೂಲ್‌ನಲ್ಲಿ ಎಷ್ಟು ಮಕ್ಕಳಿಗೆ ಸ್ವಂತ ಕೋಣೆ ಇತ್ತು?

ಈ ಕೋಣೆಯ ಕೆಳಗೆ ಇರುವುದೇ ಪೋರ್ಚ್. ನನ್ನನ್ನು ಕೇಳಿದರೆ ಇಡೀ ಮನೆಯಲ್ಲಿ ನೋಡಲೇಬೇಕಾದ ಜಾಗ ಅದು. ಮುಂಬಾಗಿಲಿಗೂ ಹೊರಗಿನ ಗಾಜಿನ ಬಾಗಿಲಿಗೂ ನಡುವೆ ಒಂದು ಡಬ್ಬಿಯಷ್ಟು ಜಾಗ. ಛತ್ರಿ, ಒದ್ದೆ ಬೂಟು ಬಿಡಲು ಮಾಡಿದ್ದು. ಜಾನ್‌ಗೆ ಮೊದಲ ಗಿಟಾರ್ ಸಿಕ್ಕಿದ್ದು ತಾಯಿಯಿಂದ. ಅಂಚೆಯಲ್ಲಿ ತರಿಸಿದ್ದು, ಅದೂ ಈ ಮನೆಗೆ ಬಂದರೆ ಮಿಮಿ ರಂಪ ಮಾಡುತ್ತಾಳೆ ಅಂತ ಜೂಲಿಯಾಳ ಮನೆಯ ವಿಳಾಸಕ್ಕೆ ಬಂತು. ಗಿಟಾರ್ ಹವ್ಯಾಸಕ್ಕೆ ಸರಿ, ಅದರಿಂದ ಹೊಟ್ಟೆ ತುಂಬಲ್ಲ ಅನ್ನೋ ಅರ್ಥದ ಮಾತು ಮಿಮಿ ಹೇಳಿದ್ದು ಈಗ ಲೋಕಪ್ರಸಿದ್ಧ. ಮನೆಯೊಳಗೆ ಬಾರಿಸಿದರೆ ತಲೆನೋವು, ಹೊರಗೆ ಬಾರಿಸಿದರೆ ನೆರೆಯವರು. ಹಾಗಾಗಿ ಒಳಗೂ ಅಲ್ಲದ, ಹೊರಗೂ ಅಲ್ಲದ ಪೋರ್ಚಿಗೆ ಅಟ್ಟಿದಳು. ನರಸಿಂಹನ ಹೊಸ್ತಿಲು ನೆನಪಾಯಿತು ನನಗೆ. ಮುಂದೆ ಬೀಟಲ್ಸ್‌ನಲ್ಲೇ ಇದ್ದ ಗೆಳೆಯ ಪಾಲ್ ಮೆಕಾರ್ಟ್ನಿ ಬಂದರೆ ಅವನೂ ಅಲ್ಲೇ ನಿಂತು ಬಾರಿಸಬೇಕು. ಮಜಾ ಏನು ಅಂದರೆ ಗಾಜು, ಗಟ್ಟಿ ನೆಲ, ಇಕ್ಕಟ್ಟು ಗೋಡೆ ಎಲ್ಲ ಸೇರಿ ಅಲ್ಲಿ ಶಬ್ದ ಚೆನ್ನಾಗಿ ಮಾರ್ದನಿಸುತ್ತದೆ. ಬಚ್ಚಲುಮನೆಯಲ್ಲಿ ಹಾಡಿದರೆ ನಮ್ಮ ದನಿ ನಮಗೇ ಚೆಂದ ಕೇಳುತ್ತಲ್ಲ, ಹಾಗೆ. ಶಿಕ್ಷೆ ಅಂತ ಕಳಿಸಿದ ಜಾಗವೇ ಹುಡುಗರಿಗೆ ಇಷ್ಟವಾಗಿಬಿಟ್ಟಿತು.

ಗುಂಪು ಆ ಕಡೆ ಹೋದಾಗ ನಮ್ಮ ದೊಡ್ಡಮ್ಮ ಅಲ್ಲೇ ಹಿಂದೆ ಉಳಿದರು. ಏನು ಮಾಡ್ತಿದ್ದಾರೆ ಅಂತ ತಿರುಗಿ ನೋಡಿದರೆ ಮೆಲ್ಲಗೆ ಒಂದು ದೇವರನಾಮದ ಮೊದಲ ಸಾಲು ಎಳೆಯುತ್ತಿದ್ದಾರೆ. "ನೋಡೇ, ಶ್ರುತಿ ಪೆಟ್ಟಿಗೆ ಇಟ್ಟ ಹಾಗೆ ಕೇಳುತ್ತೆ" ಅಂದರು. ಬಾಗಿಲ ಹತ್ತಿರ ನಿಂತಿದ್ದ ಗೈಡ್ ನಕ್ಕರು. ಗಂಡ ಸುಮ್ಮನೆ ನಿಂತಿದ್ದ. ಅವನು ಎಷ್ಟೋ ವರ್ಷ ಕನಸು ಕಂಡಿದ್ದ ಜಾಗದಲ್ಲಿ ಹಾಡಿದವರು ದೊಡ್ಡಮ್ಮ.

ಇನ್ನು ರಸ್ತೆಯ ಕಥೆ. ಇದನ್ನು ಹೇಳದಿದ್ದರೆ ಮನೆಯ ಕಥೆ ಅರ್ಧವೇ. ಜೂಲಿಯಾ ಇದ್ದದ್ದು ದೂರವೇನಲ್ಲ, ಸ್ಪ್ರಿಂಗ್‌ವುಡ್ ಕಡೆ. ಅಕ್ಕನ ಮನೆಗೆ ಆಗಾಗ ಬಂದು ಹೋಗುತ್ತಿದ್ದಳು. ಹುಡುಗನಿಗೆ ಬ್ಯಾಂಜೋ ನುಡಿಸುವುದನ್ನು ಕಲಿಸಿದವಳೂ ಅವಳೇ. 1958ರ ಜುಲೈ 15ರ ಸಂಜೆ ಅಕ್ಕನ ಮನೆಯಿಂದ ಹೊರಟವಳು ಬಸ್ ಸ್ಟಾಪಿಗೆ ಅಂತ ಮೆನ್‌ಲವ್ ಅವೆನ್ಯೂ ದಾಟುತ್ತಿದ್ದಳು. ಎರಡು ಕಡೆ ರಸ್ತೆ, ನಡುವೆ ಹಿಂದೆ ಟ್ರ್ಯಾಮ್ ಓಡುತ್ತಿದ್ದ ಹಳಿಯ ಜಾಗ, ಅಲ್ಲಿ ಬೇಲಿ ಗಿಡ. ಬೇಲಿ ದಾಟಿ ಆ ಕಡೆ ರಸ್ತೆಗೆ ಇಳಿದಳು, ಕಾರು ಗುದ್ದಿತು. ಕಾರು ಓಡಿಸುತ್ತಿದ್ದವನು ಡ್ಯೂಟಿಯಲ್ಲಿ ಇಲ್ಲದ ಒಬ್ಬ ಪೊಲೀಸ್. ಆಮೇಲೆ ಅವನು ಖುಲಾಸೆಯಾದ. ಜಾನ್‌ಗೆ ಆಗ ಹದಿನೇಳು. ಸಾಕಿದ ದೊಡ್ಡಮ್ಮನ ಮನೆಯ ರಸ್ತೆಯಲ್ಲೇ ಹೆತ್ತ ತಾಯಿ ಹೋದಳು. ಇದನ್ನು ನಾನು ದೊಡ್ಡಮ್ಮನಿಗೆ ಕನ್ನಡದಲ್ಲಿ ಹೇಳುತ್ತಿದ್ದಾಗ ಅವರು ಕಿಟಕಿಯಿಂದ ರಸ್ತೆ ನೋಡುತ್ತಿದ್ದರು. ಕಾರುಗಳು ಓಡುತ್ತಲೇ ಇದ್ದವು. "ಆಮೇಲೂ ಇದೇ ಮನೇಲೇ ಇದ್ರಾ?" ಅಂದರು. ಇದ್ದರು. ಮಿಮಿ ಇನ್ನೂ ಏಳು ವರ್ಷ ಇದ್ದಳು.

ಆ ಮನೆಗೆ ಕೊನೆಯಲ್ಲಿ ಒಬ್ಬ ಸೊಸೆಯೂ ಬಂದಳು ಅನ್ನೋದು ಹೆಚ್ಚು ಜನಕ್ಕೆ ಗೊತ್ತಿಲ್ಲ. 1962ರ ಆಗಸ್ಟ್‌ನಲ್ಲಿ ಜಾನ್ ಸಿಂಥಿಯಾಳನ್ನು ಮದುವೆಯಾದ. ಮಿಮಿ ಮದುವೆಗೆ ಹೋಗಲಿಲ್ಲ. ಆದರೆ ಹೊಟ್ಟೆಯಲ್ಲಿ ಮಗು ಇದ್ದ ಆ ಹುಡುಗಿಗೆ ಇರಲು ಜಾಗ ಕೊಟ್ಟವಳು ಅವಳೇ. 1963ರ ಏಪ್ರಿಲ್‌ನಲ್ಲಿ ಜೂಲಿಯನ್ ಹುಟ್ಟಿದ, ಕೂಸು ಬಂದದ್ದು ಈ ಮನೆಗೇ. ಜಾನ್ ಊರೂರು ಸುತ್ತಿ ಹಾಡುತ್ತಿದ್ದಾನೆ, ಮನೆಯಲ್ಲಿ ಅತ್ತೆ ಸ್ಥಾನದಲ್ಲಿ ಮಿಮಿ, ರಾತ್ರಿ ಅಳುವ ಮಗು. ಹೆಚ್ಚು ದಿನ ನಡೆಯಲಿಲ್ಲ, ಸಿಂಥಿಯಾ ಹೊರಟುಹೋದಳು. ಅಷ್ಟರಲ್ಲಿ ಬೀಟಲ್ಸ್ ದೊಡ್ಡ ಹೆಸರಾಗಿಬಿಟ್ಟಿದ್ದರು, ಗೇಟಿನ ಮುಂದೆ ಹುಡುಗಿಯರ ಗುಂಪು. 1965ರಲ್ಲಿ ಜಾನ್ ಮಿಮಿಗೆ ದಕ್ಷಿಣದಲ್ಲಿ, ಪೂಲ್ ಎಂಬ ಊರಿನ ಸ್ಯಾಂಡ್‌ಬ್ಯಾಂಕ್ಸ್‌ನಲ್ಲಿ, ಸಮುದ್ರದ ಅಂಚಿಗೆ ಬಂಗಲೆ ತೆಗೆದುಕೊಟ್ಟ. 25 ಸಾವಿರ ಪೌಂಡ್, ಆ ಕಾಲಕ್ಕೆ. ಮೆಂಡಿಪ್ಸ್ ಮಾರಿದರು. ಮಿಮಿ ತೀರಿಕೊಂಡದ್ದು 1991ರಲ್ಲಿ, ಜಾನ್ ಹೋದ ಮೇಲೂ ಹನ್ನೊಂದು ವರ್ಷ ಬದುಕಿ.

2002ರಲ್ಲಿ ಈ ಮನೆ ಮಾರಾಟಕ್ಕೆ ಬಂದಾಗ ಜಾನ್‌ನ ಎರಡನೇ ಹೆಂಡತಿ ಯೋಕೋ ಓನೋ ಕೊಂಡುಕೊಂಡು ನ್ಯಾಷನಲ್ ಟ್ರಸ್ಟ್‌ಗೆ ದಾನ ಕೊಟ್ಟರು. 2003ರಿಂದ ಜನರಿಗೆ ತೆರೆದಿದೆ. 2012ರಲ್ಲಿ ಸಂರಕ್ಷಿತ ಕಟ್ಟಡಗಳ ಗ್ರೇಡ್ 2 ಪಟ್ಟಿಗೂ ಸೇರಿತು, ಅಂದರೆ ಇನ್ನು ಇದನ್ನು ಬೇಕಾದ ಹಾಗೆ ಒಡೆಯುವ ಹಾಗಿಲ್ಲ. ನಡುವೆ ಬೇರೆಯವರ ಕೈಯಲ್ಲಿದ್ದ ಮನೆ ಆದ್ದರಿಂದ ಒಳಗಿನ ಸಾಮಾನೆಲ್ಲ ಮಿಮಿಯದ್ದೇ ಅಂದುಕೊಳ್ಳಬೇಡಿ. ಹಳೇ ಫೋಟೋ, ಗೊತ್ತಿದ್ದವರ ನೆನಪು ಇಟ್ಟುಕೊಂಡು ಆ ಕಾಲದ ಸಾಮಾನು ತಂದು ಜೋಡಿಸಿದ್ದಾರೆ. ಕೆಲವರಿಗೆ ಇದು ಸಪ್ಪೆ ಅನ್ನಿಸಬಹುದು. ನನಗೆ ಹಾಗನ್ನಿಸಲಿಲ್ಲ. ಗೋಡೆ, ಮೆಟ್ಟಿಲು, ಬಣ್ಣದ ಗಾಜು, ಪೋರ್ಚ್ ಎಲ್ಲ ಅಲ್ಲೇ ಇವೆ ಅಲ್ವಾ. ಕುರ್ಚಿ ಯಾರದ್ದಾದರೆ ಏನು.

ಒಳಗೆ ಫೋಟೋ ತೆಗೆಯುವ ಹಾಗಿಲ್ಲ. ಮೊದಲು ಗಂಡ ಗೊಣಗಿದ. ನನಗೆ ಅದು ಒಳ್ಳೇದೇ ಅನ್ನಿಸಿತು. ಅಷ್ಟು ಚಿಕ್ಕ ಮನೆಯಲ್ಲಿ ಎಲ್ಲರೂ ಮೊಬೈಲ್ ಎತ್ತಿದರೆ ಮೊಣಕೈ ಬಿಟ್ಟು ಬೇರೇನೂ ಕಾಣುವುದಿಲ್ಲ. ಫೋನ್ ಇಲ್ಲದ್ದರಿಂದ ಜನ ಮಾತಾಡಿದರು, ಪ್ರಶ್ನೆ ಕೇಳಿದರು, ಗಾಜು ಮುಟ್ಟದೆ ಬಗ್ಗಿ ನೋಡಿದರು. ಗೈಡ್ ಹೇಳುವುದು ಇಂಗ್ಲಿಷ್‌ನಲ್ಲಿ, ಲಿವರ್‌ಪೂಲ್ ಉಚ್ಚಾರ ಸ್ವಲ್ಪ ಕಷ್ಟ, ಕಿವಿ ಹೊಂದಿಕೊಳ್ಳಲು ಹತ್ತು ನಿಮಿಷ ಬೇಕು.

ಅದೇ ಟಿಕೆಟ್‌ನಲ್ಲಿ ಪಾಲ್ ಮೆಕಾರ್ಟ್ನಿ ಬೆಳೆದ ಮನೆಯೂ ಸೇರಿದೆ, ಫೋರ್ತ್‌ಲಿನ್ ರೋಡ್ ನಂಬರ್ 20. ಅದು ಸರ್ಕಾರಿ ಬಾಡಿಗೆ ಮನೆ, ಸಾಲುಮನೆ. 1955ರಲ್ಲಿ ಆ ಸಂಸಾರ ಅಲ್ಲಿಗೆ ಬಂತು. ಮರುವರ್ಷ ಅಕ್ಟೋಬರ್‌ನಲ್ಲಿ ತಾಯಿ ಹೋದರು, ಸೂಲಗಿತ್ತಿಯಾಗಿ ಕೆಲಸ ಮಾಡುತ್ತಿದ್ದವರು. ಅಲ್ಲಿ ಮುಂದಿನ ಕೋಣೆಯ ಗೋಡೆ ಕಾಗದ ನೋಡಿ. ಒಂದೇ ಕೋಣೆಗೆ ಮೂರು ತರಹದ ಡಿಸೈನ್. ಅಂಗಡಿಯಲ್ಲಿ ಉಳಿದ ತುಂಡುಗಳನ್ನು ಅಗ್ಗಕ್ಕೆ ತಂದು ಅಂಟಿಸಿದ್ದಂತೆ. ನಮ್ಮ ಕಡೆ ಕೌದಿ ಹೊಲಿದ ಹಾಗೆ. ಎರಡು ಮನೆ ಒಂದರ ಹಿಂದೆ ಒಂದು ನೋಡಿದರೆ ಲೆನನ್ ಮನೆ ಎಷ್ಟು ಅನುಕೂಲದ್ದು ಅನ್ನೋದು ಕಣ್ಣಿಗೆ ಹೊಡೆಯುತ್ತದೆ. ಆದರೆ ಫೋರ್ತ್‌ಲಿನ್ ರೋಡಿನಲ್ಲಿ ಹುಡುಗರಿಗೆ ಹಾಲ್‌ನಲ್ಲೇ ಕೂತು ಬಾರಿಸಲು ಬಿಡುತ್ತಿದ್ದರು. ಪಾಲ್‌ನ ಅಪ್ಪನೇ ಪಿಯಾನೋ ನುಡಿಸುವವನು. ಅವರು ಜಾಸ್ತಿ ಹಾಡು ಬರೆದದ್ದು ಅಲ್ಲೇ. ಪೋರ್ಚ್ ಬೇಕಾಗಲಿಲ್ಲ.

ಹೋಗುವವರಿಗೆ ಎರಡು ಮಾತು. ಚಳಿಗಾಲದಲ್ಲಿ ಮುಚ್ಚಿರುತ್ತದೆ, ಉಳಿದ ದಿನಗಳಲ್ಲೂ ವಾರವಿಡೀ ತೆರೆದಿರುವುದಿಲ್ಲ, ವೆಬ್‌ಸೈಟ್ ನೋಡಿ ಬುಕ್ ಮಾಡಿ, ಬೇಸಿಗೆ ರಜೆಯಲ್ಲಿ ಬೇಗ ಮುಗಿದುಹೋಗುತ್ತದೆ. ದೊಡ್ಡ ಬ್ಯಾಗ್ ತರಬೇಡಿ. ಟೂರ್ ಮುಗಿದ ಮೇಲೆ ಸಮಯ ಇದ್ದರೆ ಸ್ಟ್ರಾಬೆರಿ ಫೀಲ್ಡ್‌ಗೂ ಹೋಗಿ ಬನ್ನಿ, ಮನೆಯಿಂದ ನಡೆದುಕೊಂಡೇ ಹೋಗಬಹುದು. ಸಾಲ್ವೇಶನ್ ಆರ್ಮಿಯವರ ಅನಾಥಾಲಯ ಇದ್ದ ಜಾಗ ಅದು. ಮಿಮಿ ಪ್ರತಿ ವರ್ಷ ಅಲ್ಲಿನ ತೋಟದ ಜಾತ್ರೆಗೆ ಹುಡುಗನನ್ನು ಕರೆದುಕೊಂಡು ಹೋಗುತ್ತಿದ್ದಳು. 2019ರಿಂದ ಜನರಿಗೆ ತೆರೆದಿದೆ, ಕೆಫೆ ಇದೆ. ದೊಡ್ಡಮ್ಮ ಅಲ್ಲಿ ಚಹಾ ಕುಡಿದು ನೀರು ಜಾಸ್ತಿ ಅಂದರು. ಇಲ್ಲಿ ಎಲ್ಲ ಕಡೆ ಹಾಗೇ ಅಂತ ನಾನು ಹೇಳಿದೆ.

ರೇಟಿಂಗ್ ಕೊಡಲೇಬೇಕು ಅಂದರೆ ಐದಕ್ಕೆ ಐದು. ಗಂಡ ಆರು ಕೊಡು ಅಂದ.

ನಾವು ನೋಡಿದ್ದು ಜೋಡಿಯ ಒಂದು ಅರ್ಧ ಮಾತ್ರ. ಪಕ್ಕದ ಅರ್ಧ ಖಾಸಗಿ ಮನೆ, ಟೂರಿಗೆ ಸೇರಿಲ್ಲ, ಆ ಕಡೆ ಇಣುಕಿ ನೋಡಲು ಹೋಗಬೇಡಿ. ಬಸ್ಸಿನಲ್ಲಿ ವಾಪಸ್ ಬರುವಾಗ ದೊಡ್ಡಮ್ಮ ತುಂಬಾ ಹೊತ್ತು ಏನೋ ಯೋಚಿಸುತ್ತಿದ್ದರು. ಆಮೇಲೆ ಕೇಳಿದರು, "ಅಲ್ಲ ಕಣೇ, ಒಂದೇ ಗೋಡೆ ಅಂತೀಯ. ಹದಿನೆಂಟು ವರ್ಷ ಆ ಹುಡುಗ, ಆ ಗಿಟಾರು, ಆ ಫ್ರೆಂಡ್ಸು, ಕೊನೆಗೆ ಮಗು ಬೇರೆ. ಪಕ್ಕದ ಮನೆಯವರು ಏನೂ ಅನ್ನಲಿಲ್ವಾ?"

ಗಂಡ ಮುಂದಿನ ಸೀಟಿಗೆ ಬಗ್ಗಿ ಗೈಡ್‌ನ ಕೇಳೋಕೆ ಹೋದ. ಅಷ್ಟರಲ್ಲಿ ಸ್ಪೀಕ್ ಹಾಲ್ ಬಂದೇಬಿಟ್ಟಿತು.